ದಿನದ ವಾಚನ ಓದಿದ ಮೇಲೆ ಏನು?

ಬೆಳಿಗ್ಗೆ ಆರು ಗಂಟೆಗೆಲ್ಲ ನಮ್ಮ ಕಥೋಲಿಕ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಅಂದಿನ ಪೂಜೆಯಲ್ಲಿ ಓದುವ ಶುಭಸಂದೇಶದ (ಯೇಸುಸ್ವಾಮಿಯ ಬದುಕು, ಬೋಧನೆ ಹೇಳುವ ಬೈಬಲ್ ಭಾಗದ) ಚಿಂತನೆ ಬಂದಿರುತ್ತದೆ. ಗುರುಗಳೊಬ್ಬರ ಮೂರು ನಿಮಿಷದ ಧ್ವನಿ, ಸಿಸ್ಟರ್ ಒಬ್ಬರು ಬರೆದ ಎರಡು ಪ್ಯಾರಾ, ಯಾರೋ ಫಾರ್ವರ್ಡ್ ಮಾಡಿದ ಹೂವಿನ ಚಿತ್ರದ ಮೇಲೊಂದು ವಚನ. ನೋಡಿದವರು ‘ಆಮೆನ್’ ಎಂದು ಬರೆದು ಕೆಲಸಕ್ಕೆ ಹೊರಡುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಸಂಜೆ ಅವರನ್ನೇ ಕೇಳಿದರೆ ಚಿಂತನೆಯ ಒಂದು ಒಳ್ಳೆಯ ಮಾತು ನೆನಪಿರುತ್ತದೆ, ಓದಬೇಕಿದ್ದ ದೇವರ ವಾಕ್ಯ ನೆನಪಿರುವುದಿಲ್ಲ. ಬೇರೆಯವರು ಪ್ರಾರ್ಥಿಸಿ ಕಂಡುಕೊಂಡದ್ದನ್ನು ನಾವು ಕೇಳಿಸಿಕೊಂಡೆವು, ಅಷ್ಟೆ.

ದಿನನಿತ್ಯದ ಚಿಂತನೆಗೆ ಎರಡು ಷರತ್ತು ಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ. ಅದು ವಾಕ್ಯದಿಂದಲೇ ಶುರುವಾಗಬೇಕು, ವ್ಯಾಖ್ಯಾನದಿಂದಲ್ಲ. ಮತ್ತು ಅದು ಅದೇ ದಿನ, ಒಬ್ಬ ನಿರ್ದಿಷ್ಟ ಮನುಷ್ಯನಿಗೆ ಸಲ್ಲುವ ಒಂದು ಕೆಲಸಕ್ಕೆ ಬಂದು ನಿಲ್ಲಬೇಕು. ರಾತ್ರಿ ಕೂತು ‘ಆಯಿತೇ, ಇಲ್ಲವೇ’ ಎಂದು ಕೇಳಿದರೆ ಉತ್ತರ ಸಿಗುವಂಥ ಕೆಲಸಕ್ಕೆ. ಈ ಎರಡರ ನಡುವೆ ಏನು ಮಾಡಬೇಕು, ಎಲ್ಲಿ ಎಡವುತ್ತೇವೆ ಎಂಬುದನ್ನು ವಿವರವಾಗಿ ಬರೆಯುತ್ತೇನೆ.

ಮೊದಲು, ಇಂದು ಏನು ಓದಬೇಕು?

ಲತೀನ್ ವಿಧಿಯ, ಅಂದರೆ ರೋಮಿನ ಪೂಜಾಪದ್ಧತಿಯ, ಬಹುತೇಕ ಎಲ್ಲ ದೇವಾಲಯಗಳಲ್ಲೂ ಒಂದೇ ವಾಚನ ಕ್ರಮ ನಡೆಯುತ್ತದೆ. ಜಗತ್ತಿನ ಬಿಷಪರು ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ, 1969ರಲ್ಲಿ, ಈ ಕ್ರಮ ಬಂತು, 1981ರಲ್ಲಿ ಪರಿಷ್ಕೃತವಾಯಿತು. ಭಾನುವಾರಗಳಿಗೆ ಮೂರು ವರ್ಷದ ಸುತ್ತು: ‘ಎ’ ವರ್ಷದಲ್ಲಿ ಮತ್ತಾಯನ ಶುಭಸಂದೇಶ, ‘ಬಿ’ಯಲ್ಲಿ ಮಾರ್ಕ, ‘ಸಿ’ಯಲ್ಲಿ ಲೂಕ. ಯೊವಾನ್ನನ ಶುಭಸಂದೇಶ ತಪಸ್ಸುಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು), ಪಾಸ್ಕಕಾಲದಲ್ಲಿ (ಈಸ್ಟರ್ ಮತ್ತು ನಂತರದ ವಾರಗಳು) ಹೆಚ್ಚಾಗಿ ಬರುತ್ತದೆ. ಮಾರ್ಕನ ಶುಭಸಂದೇಶ ಚಿಕ್ಕದಾದ್ದರಿಂದ ‘ಬಿ’ ವರ್ಷದ ನಡುವೆ ಐದು ಭಾನುವಾರ ಯೊವಾನ್ನನ ಆರನೆಯ ಅಧ್ಯಾಯವನ್ನು ಓದುತ್ತಾರೆ. ಇಸವಿಯನ್ನು ಮೂರರಿಂದ ಭಾಗಿಸಿ ಶೇಷ ಉಳಿಯದಿದ್ದರೆ ಅದು ‘ಸಿ’ ವರ್ಷ. 2025 ‘ಸಿ’, 2026 ‘ಎ’, 2027 ‘ಬಿ’. ಆದರೆ ಪೂಜಾವರ್ಷ ಜನವರಿಯಲ್ಲಿ ಅಲ್ಲ, ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ ಆರಂಭವಾಗುತ್ತದೆ. 2027ರ ‘ಬಿ’ ವರ್ಷ ಶುರುವಾಗುವುದು 2026ರ ನವೆಂಬರ್ 29ಕ್ಕೆ. ಡಿಸೆಂಬರ್‌ನಲ್ಲಿ ಹಳೆಯ ವರ್ಷದ ಪುಟ ತೆರೆದು ಕೂರುವವರು ತಪ್ಪುವುದು ಇಲ್ಲೇ.

ವಾರದ ದಿನಗಳ ಲೆಕ್ಕ ಬೇರೆ. ಸಾಧಾರಣ ಕಾಲದಲ್ಲಿ, ಅಂದರೆ ವಿಶೇಷ ಕಾಲಗಳಲ್ಲದ ಉಳಿದ ವಾರಗಳಲ್ಲಿ, ಶುಭಸಂದೇಶ ಪ್ರತಿವರ್ಷ ಒಂದೇ: ಮೊದಲ ಒಂಬತ್ತು ವಾರ ಮಾರ್ಕ, ಹತ್ತರಿಂದ ಇಪ್ಪತ್ತೊಂದನೆಯ ವಾರದವರೆಗೆ ಮತ್ತಾಯ, ಅಲ್ಲಿಂದ ಮೂವತ್ತನಾಲ್ಕರವರೆಗೆ ಲೂಕ. ಶುಭಸಂದೇಶಕ್ಕೂ ಮುಂಚೆ ಓದುವ ಮೊದಲ ವಾಚನ ಮಾತ್ರ ಬೆಸ ವರ್ಷಕ್ಕೊಂದು, ಸಮ ವರ್ಷಕ್ಕೊಂದು.

ಇದು ಬರೀ ಪಂಚಾಂಗದ ವಿಷಯ ಅಂದುಕೊಂಡರೆ ಒಂದು ಮುಖ್ಯ ಸಂಗತಿ ಕೈತಪ್ಪುತ್ತದೆ. ಸಾಧಾರಣ ಕಾಲದ ವಾರದ ದಿನಗಳಲ್ಲಿ ಮೊದಲ ವಾಚನಕ್ಕೂ ಶುಭಸಂದೇಶಕ್ಕೂ ಸಂಬಂಧ ಇರಬೇಕೆಂದಿಲ್ಲ. ಎರಡೂ ತಮ್ಮ ತಮ್ಮ ಪಾಡಿಗೆ ಮುಂದುವರಿಯುತ್ತಿರುತ್ತವೆ. ಇತ್ತ ಅರಸುಗಳ ಕಥೆ ನಡೆಯುತ್ತಿದ್ದರೆ ಅತ್ತ ಯೇಸುಸ್ವಾಮಿ ದೋಣಿಯಲ್ಲಿ ಕೂತು ಬೋಧಿಸುತ್ತಿರುತ್ತಾರೆ. ಎಷ್ಟೋ ಚಿಂತನೆಗಳು ಈ ಎರಡಕ್ಕೂ ಗಂಟು ಹಾಕಲು ಹೆಣಗಿ, ಎರಡರಲ್ಲೂ ಇಲ್ಲದ ಮೂರನೆಯ ಮಾತನ್ನು ಹೇಳಿ ಮುಗಿಯುತ್ತವೆ. ಸಂಬಂಧ ಕಂಡರೆ ಸರಿ, ಕಾಣದಿದ್ದರೆ ಬಿಟ್ಟುಬಿಡಿ. ಭಾನುವಾರ ಹಾಗಲ್ಲ: ಸಾಧಾರಣ ಕಾಲದ ಭಾನುವಾರಗಳಲ್ಲಿ ಹಳೆಯ ಒಡಂಬಡಿಕೆಯ ವಾಚನವನ್ನು ಶುಭಸಂದೇಶಕ್ಕೆ ಹೊಂದುವಂತೆಯೇ ಆರಿಸಿರುತ್ತಾರೆ, ಎರಡನೆಯ ವಾಚನ ಮಾತ್ರ ತನ್ನ ಪಾಡಿಗೆ ಸಾಗುತ್ತದೆ. ತಪಸ್ಸುಕಾಲದ ವಾರದ ದಿನಗಳಲ್ಲೂ ಎರಡು ವಾಚನಗಳು ಒಂದಕ್ಕೊಂದು ಮಾತಾಡುತ್ತವೆ. ಅಲ್ಲಿ ಹುಡುಕಿದ ಶ್ರಮ ವ್ಯರ್ಥವಾಗುವುದಿಲ್ಲ.

ವಾಚನ ಮುಂದುವರಿಯುತ್ತಾ ಹೋಗುವುದರಿಂದ ನಿನ್ನೆಯದನ್ನು ಒಮ್ಮೆ ಕಣ್ಣಾಡಿಸದೆ ಇಂದಿನದಕ್ಕೆ ಇಳಿಯಬಾರದು. ಬಿತ್ತುವವನ ಸಾಮತಿಯನ್ನೇ (ದೃಷ್ಟಾಂತ ಕಥೆಯನ್ನೇ) ನೋಡಿ. ಹದಿನಾರನೆಯ ವಾರದ ಬುಧವಾರ ಸಾಮತಿ (ಮತ್ತಾಯ 13:1-9), ಗುರುವಾರ ಸಾಮತಿಗಳಲ್ಲಿ ಏಕೆ ಮಾತಾಡುತ್ತೀರಿ ಎಂಬ ಶಿಷ್ಯರ ಪ್ರಶ್ನೆ, ಶುಕ್ರವಾರ ಅದರ ಅರ್ಥ. 2026ರಲ್ಲಿ ಆ ಬುಧವಾರ ಜುಲೈ 22ಕ್ಕೆ ಬಿದ್ದು, ಅಂದು ಮಗ್ದಲದ ಮರಿಯಳ ಹಬ್ಬವಾಗಿರುವುದರಿಂದ, ಹಬ್ಬದ ಸ್ವಂತ ವಾಚನವೇ ಬರುತ್ತದೆ. ಗುರುವಾರ ಪುಟ ತೆರೆದವರಿಗೆ ಶಿಷ್ಯರ ಪ್ರಶ್ನೆ ಸಿಗುತ್ತದೆ, ಆ ಪ್ರಶ್ನೆ ಹುಟ್ಟಿಸಿದ ಸಾಮತಿ ಸಿಗುವುದಿಲ್ಲ. ಇಂಥ ಕಡೆ ಆ್ಯಪ್ ಕೊಟ್ಟಷ್ಟನ್ನೇ ಓದಿದರೆ ಸಾಲದು, ಕೈಯಲ್ಲಿ ಪೂರ್ತಿ ಬೈಬಲ್ ಇರಬೇಕು. ವಾಚನದಲ್ಲಿ ನಡುನಡುವೆ ಬಿಟ್ಟ ವಚನಗಳೂ ಅಲ್ಲಿಯೇ ಕಾಣುವುದು.

ಬೈಬಲ್ ಯಾವುದು ಎನ್ನುವುದನ್ನೂ ನೋಡಿಕೊಳ್ಳಿ. ಕಥೋಲಿಕ ಬೈಬಲಿನಲ್ಲಿ 73 ಪುಸ್ತಕಗಳು. ಮನೆಯಲ್ಲಿರುವುದು 66 ಪುಸ್ತಕಗಳ ಹಳೆಯ ಕನ್ನಡ ಬೈಬಲ್ ಆದರೆ ಬೆಸ ವರ್ಷದ ನವೆಂಬರ್‌ನಲ್ಲಿ ತೊಂದರೆ ಎದುರಾಗುತ್ತದೆ: ಮೂವತ್ತೆರಡನೆಯ ವಾರ ಜ್ಞಾನಗ್ರಂಥ, ಮೂವತ್ತಮೂರನೆಯ ವಾರ ಮಕ್ಕಬಿಯರ ಗ್ರಂಥಗಳು. ಎರಡು ವಾರ ಮೊದಲ ವಾಚನ ಹುಡುಕಿದರೂ ಸಿಗುವುದಿಲ್ಲ. ಆ್ಯಪ್ ಬಳಸುವವರು ಅದರಲ್ಲಿ ಭಾರತದ ಪಂಚಾಂಗ ಆರಿಸಿದ್ದೀರಾ ಎಂದು ಖಚಿತಪಡಿಸಿಕೊಳ್ಳಿ. ಜುಲೈ 3ರ ಸಂತ ತೋಮನ ದಿನ ನಮ್ಮ ದೇಶದಲ್ಲಿ ಮಹೋತ್ಸವ, ಬೇರೆ ಕಡೆ ಬರೀ ಹಬ್ಬ. ಹೊರದೇಶದ ಪಂಚಾಂಗ ನೋಡಿಕೊಂಡು ಹೋದವರು ಪೂಜೆಯಲ್ಲಿ ಬೇರೆ ವಾಚನ ಕೇಳಿ ಗಲಿಬಿಲಿಗೊಳ್ಳಬಹುದು.

ಗಲ್ಫ್ ದೇಶಗಳಲ್ಲಿ, ಮುಂಬಯಿಯಲ್ಲಿ ಇಂಗ್ಲಿಷ್ ಪೂಜೆಗೆ ಹೋಗುವ ಕನ್ನಡಿಗರಿಗೆ ಈ ಒಂದೇ ಕ್ರಮ ದೊಡ್ಡ ವರ. ಅಲ್ಲಿ ಇಂಗ್ಲಿಷ್‌ನಲ್ಲಿ ಕೇಳಲಿರುವ ಶುಭಸಂದೇಶವನ್ನು ಹಿಂದಿನ ರಾತ್ರಿಯೇ ಕನ್ನಡದಲ್ಲಿ ಓದಿಕೊಂಡು ಹೋಗಬಹುದು. ಮಂಗಳೂರಿನ ಕಡೆ ಕೊಂಕಣಿಯಲ್ಲಿ ಪ್ರಾರ್ಥಿಸುವ ಮನೆಗಳಲ್ಲಿ ಓದು ಕನ್ನಡದಲ್ಲಿದ್ದು ಪ್ರಾರ್ಥನೆ ಕೊಂಕಣಿಯಲ್ಲಿದ್ದರೂ ಏನೂ ತೊಂದರೆಯಿಲ್ಲ. ದೇವರೊಡನೆ ಯಾವ ಭಾಷೆಯಲ್ಲಿ ತಡವರಿಸದೆ ಮಾತು ಬರುತ್ತದೋ ಅದೇ ಸರಿ.

ಇಪ್ಪತ್ತೈದು ನಿಮಿಷ

ಓದಿನ ಕ್ರಮಕ್ಕೆ ಧರ್ಮಸಭೆಯಲ್ಲಿ ಬಹಳ ಹಳೆಯ ದಾರಿಯೊಂದಿದೆ, ಲೆಕ್ತಿಯೊ ದಿವಿನಾ, ಅಂದರೆ ದೈವಿಕ ಓದು. ಹನ್ನೆರಡನೆಯ ಶತಮಾನದಲ್ಲಿ ಫ್ರಾನ್ಸಿನ ಗ್ರಾಂಡ್ ಶಾರ್ಟ್ರ್ಯೂಸ್ ಮಠದ ಹಿರಿಯರಾಗಿದ್ದ ಎರಡನೆಯ ಗ್ವಿಗೊ ಇದನ್ನು ನಾಲ್ಕು ಮೆಟ್ಟಿಲಾಗಿ ವಿವರಿಸಿದರು: ಓದು, ಮನನ, ಪ್ರಾರ್ಥನೆ, ಧ್ಯಾನ. 2010ರಲ್ಲಿ ಹದಿನಾರನೆಯ ಬೆನೆಡಿಕ್ಟ್ ಜಗದ್ಗುರುಗಳು (ಪೋಪ್) ‘ವೆರ್ಬುಮ್ ದೋಮಿನಿ’ ಎಂಬ ಪ್ರೇರಿತ ಪತ್ರದಲ್ಲಿ ಇದೇ ಮೆಟ್ಟಿಲುಗಳನ್ನು ವಿವರಿಸುತ್ತಾ, ಇದು ಕ್ರಿಯೆಯನ್ನು ಮುಟ್ಟದೆ ಮುಗಿಯುವುದಿಲ್ಲ ಎಂದು ಹೇಳಿದರು. ನನ್ನ ಮಟ್ಟಿಗೆ ಆ ಪತ್ರದ ಅತ್ಯಂತ ಉಪಯುಕ್ತ ಸಾಲು ಅದು.

ಮಲಗುವ ಮುನ್ನ ಮರುದಿನದ ಶುಭಸಂದೇಶವನ್ನು ಒಮ್ಮೆ ಓದಿಡಿ, ಐದು ನಿಮಿಷ ಸಾಕು. ಬೆಳಿಗ್ಗೆ ಫೋನಿನ ಡೇಟಾ ಆರಿಸಿ ಕೂರಿ. ಶಿಲುಬೆಯ ಗುರುತು ಹಾಕಿ, ಪವಿತ್ರಾತ್ಮರನ್ನು ಬೇಡಿಕೊಂಡು, ವಾಚನವನ್ನು ತುಟಿ ಅಲ್ಲಾಡುವಂತೆ ನಿಧಾನವಾಗಿ ಓದಿ. ಕಣ್ಣಿನ ಓದು ಪರಿಚಿತ ಸಾಲುಗಳ ಮೇಲೆ ಜಾರಿಹೋಗುತ್ತದೆ. ಬಾಯಿಬಿಟ್ಟು ಓದಿದಾಗ ಹಾಗೆ ಜಾರಲು ಆಗುವುದಿಲ್ಲ. ಮೊದಲ ಸಲ ಏನು ನಡೆಯಿತು ಎಂದು ತಿಳಿಯಲು: ಯಾರಿದ್ದಾರೆ, ಎಲ್ಲಿದ್ದಾರೆ, ಯಾರು ಯಾರಿಗೆ ಹೇಳಿದರು? ಎರಡನೆಯ ಸಲ ಪೆನ್ಸಿಲ್ ಹಿಡಿದು, ಮರುಕಳಿಸಿದ ಪದಗಳಿಗೆ ಗೆರೆ ಎಳೆಯುತ್ತಾ. ಮೂರನೆಯ ಸಲ ಮನಸ್ಸು ಎಲ್ಲಿ ತಡೆದು ನಿಲ್ಲುತ್ತದೋ ಅಲ್ಲೇ ನಿಲ್ಲಿಸಿ. ಇದಕ್ಕೆ ಎಂಟರಿಂದ ಹತ್ತು ನಿಮಿಷ.

ಮನನಕ್ಕೆ ಮತ್ತೆ ಐದಾರು ನಿಮಿಷ. ಇಲ್ಲಿ ಮುಂದಕ್ಕೆ ಓಡುವ ಆತುರವೇ ದೊಡ್ಡ ಅಡ್ಡಿ. ಸಂತ ಇಗ್ನೇಷಿಯಸ್ ಲೊಯೋಲ ತಮ್ಮ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಕೈಪಿಡಿಯ 76ನೆಯ ಸಂಖ್ಯೆಯಲ್ಲಿ ಹೇಳುವುದು ಇದನ್ನೇ: ಬಯಸಿದ್ದು ಎಲ್ಲಿ ಸಿಕ್ಕಿತೋ ಅಲ್ಲೇ ತೃಪ್ತಿಯಾಗುವವರೆಗೆ ಇರಿ, ಮುಂದೆ ಹೋಗುವ ಚಿಂತೆ ಬೇಡ. ಒಂದು ವಚನದಲ್ಲೇ ಸಮಯವೆಲ್ಲ ಕಳೆದರೂ ಅದು ಪೂರ್ತಿ ಓದೇ. ಆಮೇಲೆ ನಾಲ್ಕು ನಿಮಿಷ ಆ ವಚನದ ಬಗ್ಗೆ ದೇವರೊಡನೆ ನೇರವಾಗಿ ಮಾತಾಡಿ. ‘ಮನುಷ್ಯ ಹೀಗಿರಬೇಕು’ ಎಂದಲ್ಲ. ‘ಪ್ರಭು, ನನಗೆ ಇದು ಕಷ್ಟವಾಗುತ್ತಿದೆ’ ಎಂದು. ಕೊನೆಯ ಮೂರು ನಿಮಿಷ ಏನೂ ಹೇಳದೆ ಅವರ ಸನ್ನಿಧಿಯಲ್ಲಿ ಇರಿ. ಎಲ್ಲ ಮುಗಿದ ಮೇಲೆ ನೋಟ್‌ಬುಕ್ಕಿನಲ್ಲಿ ಮೂರೇ ಸಾಲು: ವಚನದ ಸಂಖ್ಯೆ, ಮನಸ್ಸಿಗೆ ನಾಟಿದ್ದು, ಇವತ್ತು ಮಾಡುವ ಒಂದು ಕೆಲಸ.

ಈಗ ಬೇಕಿದ್ದರೆ ಗುರುಗಳ ಧ್ವನಿ ಕೇಳಿ. ಈ ಹೊತ್ತಿಗೆ ಅದು ನಿಮ್ಮ ಓದನ್ನು ತಿದ್ದುತ್ತದೆ, ನೀವು ಗಮನಿಸದ್ದನ್ನು ತೋರಿಸುತ್ತದೆ. ಹಾಗೆ ತಿದ್ದಿಸಿಕೊಳ್ಳುವುದು ಅಗತ್ಯವೂ ಹೌದು. ಎರಡನೆಯ ವ್ಯಾಟಿಕನ್ ಮಹಾಸಭೆಯ 1965ರ ‘ದೇಯಿ ವೆರ್ಬುಮ್’ ದಾಖಲೆ ತನ್ನ 25ನೆಯ ಪರಿಚ್ಛೇದದಲ್ಲಿ, ಶ್ರೀಗ್ರಂಥವನ್ನು ಅರಿಯದಿರುವುದು ಕ್ರಿಸ್ತರನ್ನೇ ಅರಿಯದಿರುವುದು ಎಂಬ ಸಂತ ಜೆರೋಮರ ಮಾತನ್ನು ನೆನಪಿಸಿ ಎಲ್ಲ ವಿಶ್ವಾಸಿಗಳೂ ಓದಬೇಕೆಂದು ಒತ್ತಾಯಿಸುತ್ತದೆ. ಅದೇ ದಾಖಲೆಯ 12ನೆಯ ಪರಿಚ್ಛೇದ ಬರಹದ ಪ್ರಕಾರ, ಇಡೀ ಗ್ರಂಥದ ಏಕತೆ, ಧರ್ಮಸಭೆಯ ಜೀವಂತ ಪರಂಪರೆ ಇವನ್ನು ಗಮನದಲ್ಲಿಟ್ಟು ಓದಬೇಕೆಂದೂ ಹೇಳುತ್ತದೆ. ‘ನನಗೆ ಹೀಗೆ ಹೊಳೆಯಿತು’ ಎನ್ನುವುದೊಂದೇ ಆಧಾರವಾಗಲಾರದು.

ಅಂದಹಾಗೆ, ಕನಿಷ್ಠ ಅರ್ಧ ಗಂಟೆ ಶ್ರೀಗ್ರಂಥವನ್ನು ಭಕ್ತಿಯಿಂದ ಓದುವವರಿಗೆ, ಪಾಪನಿವೇದನೆ, ಪರಮಪ್ರಸಾದ ಸ್ವೀಕಾರ, ಜಗದ್ಗುರುಗಳ ಉದ್ದೇಶಕ್ಕಾಗಿ ಪ್ರಾರ್ಥನೆ, ಪಾಪದ ಮೇಲಿನ ಎಲ್ಲ ಮೋಹದಿಂದ ದೂರವಿರುವುದು ಎಂಬ ಎಂದಿನ ಷರತ್ತುಗಳೊಡನೆ, ಧರ್ಮಸಭೆ ಪೂರ್ಣ ದಂಡವಿಮೋಚನೆ (ಕ್ಷಮೆಯಾದ ಪಾಪಕ್ಕೆ ಉಳಿದಿರುವ ಶಿಕ್ಷೆಯಿಂದ ಬಿಡುಗಡೆ) ಕೊಡುತ್ತದೆ. ಅರ್ಧ ಗಂಟೆಗಿಂತ ಕಡಿಮೆಯಾದರೆ ಭಾಗಶಃ. ಇದು ಬಹಳ ಜನರಿಗೆ ಗೊತ್ತಿಲ್ಲ. ಇಪ್ಪತ್ತೈದು ನಿಮಿಷ ಕೂತವರಿಗೆ ಇನ್ನೈದು ನಿಮಿಷ ದೊಡ್ಡದಲ್ಲ.

ಒಂದು ಸೋಮವಾರದ ವಾಚನ

ತಪಸ್ಸುಕಾಲದ ಮೊದಲ ವಾರದ ಸೋಮವಾರ. ಪ್ರತಿವರ್ಷವೂ ಅಂದು ಯಾಜಕಕಾಂಡ 19:1-2, 11-18, ಹತ್ತೊಂಬತ್ತನೆಯ ಕೀರ್ತನೆ, ಮತ್ತಾಯ 25:31-46. ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರದ ಉತ್ಸಾಹ ಇನ್ನೂ ಆರಿರುವುದಿಲ್ಲ. ಮಾಂಸ ಬಿಟ್ಟಿರುತ್ತೇವೆ, ಸಿಹಿ ಬಿಟ್ಟಿರುತ್ತೇವೆ. ಆಗ ಈ ಎರಡು ವಾಚನಗಳು ಬರುತ್ತವೆ. ಎರಡರಲ್ಲೂ ಊಟ ಬಿಡುವ ಮಾತೇ ಇಲ್ಲ.

ಯಾಜಕಕಾಂಡದ ವಾಚನ, ನಾನು ಪರಿಶುದ್ಧನಾಗಿರುವಂತೆ ನೀವೂ ಪರಿಶುದ್ಧರಾಗಿರಿ ಎಂಬ ದೊಡ್ಡ ಮಾತಿನಿಂದ ಶುರುವಾಗುತ್ತದೆ. ಇದಾದ ಮೇಲೆ ಬಲಿಯ ವಿಧಿಯೋ ಶುದ್ಧೀಕರಣದ ನಿಯಮವೋ ಬರಬಹುದೆಂದು ಕಾಯುವಾಗ ಬರುವುದು ಕಳ್ಳತನ, ಸುಳ್ಳು, ಮೋಸ. ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡ. ಕಿವುಡನನ್ನು ಶಪಿಸಬೇಡ. ಕುರುಡನ ದಾರಿಯಲ್ಲಿ ಎಡವುವಂಥದ್ದನ್ನು ಇಡಬೇಡ. ತೀರ್ಪು ಹೇಳುವಾಗ ಬಡವನೆಂದು ಪಕ್ಷಪಾತ ಬೇಡ, ದೊಡ್ಡವನೆಂದು ಮುಖದಾಕ್ಷಿಣ್ಯವೂ ಬೇಡ. ಚಾಡಿ ಹೇಳುತ್ತಾ ತಿರುಗಬೇಡ. ದೇವರ ಪರಿಶುದ್ಧತೆ ನಮ್ಮ ಬದುಕಿಗೆ ಇಳಿಯುವ ಜಾಗಗಳು ಇವು: ಸಂಬಳದ ದಿನ, ಜಗಳ ಬಿಡಿಸುವ ಹೊತ್ತು, ಬೇರೆಯವರ ಬೆನ್ನ ಹಿಂದಿನ ಮಾತು. ಕಿವುಡನಿಗೆ ಶಾಪ ಕೇಳಿಸುವುದಿಲ್ಲ, ಕುರುಡನಿಗೆ ಕಲ್ಲಿಟ್ಟವರು ಕಾಣುವುದಿಲ್ಲ. ಎದುರಿನವರಿಗೆ ತಿಳಿಯದು ಎಂಬ ಧೈರ್ಯದಲ್ಲಿ ಮಾಡುವುದನ್ನೇ ಈ ವಚನ ಹಿಡಿಯುತ್ತದೆ. ಅದಕ್ಕೇ ಅಲ್ಲಿ ‘ನಿನ್ನ ದೇವರಿಗೆ ಭಯಪಡು’ ಎಂಬ ಮಾತು ಸೇರಿದೆ.

ಇನ್ನು ಶುಭಸಂದೇಶ. ಪೆನ್ಸಿಲ್ ಹಿಡಿದು ಓದಿದವರಿಗೆ ಒಂದು ಸಂಗತಿ ತಾನಾಗಿ ಕಾಣುತ್ತದೆ: ಹಸಿವೆ, ಬಾಯಾರಿಕೆ, ಪರದೇಶಿ, ಬಟ್ಟೆಯಿಲ್ಲದವನು, ರೋಗಿ, ಸೆರೆಯಾಳು ಎಂಬ ಪಟ್ಟಿ ನಾಲ್ಕು ಸಲ ಬರುತ್ತದೆ. ಅರಸ ಎರಡು ಸಲ ಹೇಳುತ್ತಾನೆ, ಬಲಗಡೆಯವರು ಒಮ್ಮೆ, ಎಡಗಡೆಯವರು ಒಮ್ಮೆ. ಕೊನೆಯವರು ಮಾತ್ರ ಅದನ್ನು ಒಂದೇ ಉಸಿರಿಗೆ ಮುಗಿಸುತ್ತಾರೆ. ಇನ್ನೂ ಸ್ವಲ್ಪ ನಿಂತು ನೋಡಿದರೆ, ಎರಡೂ ಕಡೆಯವರು ಕೇಳುವ ಪ್ರಶ್ನೆ ಒಂದೇ: ‘ಪ್ರಭುವೇ, ನಿಮ್ಮನ್ನು ನಾವು ಯಾವಾಗ ಕಂಡೆವು?’ ಕೊಟ್ಟವರಿಗೂ ಗೊತ್ತಿರಲಿಲ್ಲ, ಕೊಡದವರಿಗೂ ಗೊತ್ತಿರಲಿಲ್ಲ. ಎಡಗಡೆಯವರ ಮೇಲೆ ಕಳ್ಳತನದ ಆರೋಪವಿಲ್ಲ, ಕೊಲೆಯ ಆರೋಪವಿಲ್ಲ. ಮಾಡಬಹುದಾಗಿದ್ದನ್ನು ಮಾಡಲಿಲ್ಲ, ಅಷ್ಟೆ. ಪೂಜೆಯ ಆರಂಭದಲ್ಲಿ ಎದೆ ಬಡಿದುಕೊಳ್ಳುತ್ತಾ ನಾವು ಒಪ್ಪಿಕೊಳ್ಳುವುದರಲ್ಲಿ ಕರ್ತವ್ಯಲೋಪವೂ ಸೇರಿರುವುದು ಇದೇ ಕಾರಣಕ್ಕೆ.

ಈಗ ಕೆಲಸ. ಇಂಥ ವಾಚನದ ಮುಂದೆ ಬಹಳ ಜನ ಬರೆಯುವುದು ‘ಬಡವರಿಗೆ ಸಹಾಯ ಮಾಡುತ್ತೇನೆ’ ಎಂದು. ಇದು ಕೆಲಸವಲ್ಲ, ಹಾರೈಕೆ. ಯಾರಿಗೆ, ಏನು, ಎಷ್ಟು ಹೊತ್ತಿಗೆ ಎಂಬ ಮೂರಕ್ಕೂ ಉತ್ತರ ಬೇಕು. ‘ಮನೆಕೆಲಸಕ್ಕೆ ಬರುವ ಅಕ್ಕನಿಗೆ ಬಾಕಿ ಉಳಿಸಿಕೊಂಡ ಮುನ್ನೂರು ರೂಪಾಯಿ ಇವತ್ತು ಅವರು ಹೊರಡುವ ಮೊದಲು.’ ‘ಪಕ್ಕದ ಬೀದಿಯಲ್ಲಿ ಆಪರೇಷನ್ ಆಗಿ ಮಲಗಿರುವ ಅಜ್ಜನ ಮನೆಗೆ ಸಂಜೆ ಆರೂವರೆಗೆ, ಹದಿನೈದು ನಿಮಿಷ.’ ‘ಆಫೀಸಿನಲ್ಲಿ ಅವರ ಬಗ್ಗೆ ಮಾತು ಎದ್ದಾಗ ನಾನು ಸೇರಿಸುವುದಿಲ್ಲ.’ ಇಂಥವು.

ಮೊದಲನೆಯದನ್ನು ದಾನವೆಂದು ತಿಳಿಯಬಾರದು. ಅದು ಸಾಲ. ಕಥೋಲಿಕ ಧರ್ಮೋಪದೇಶದ ಗ್ರಂಥ 1867ನೆಯ ಪರಿಚ್ಛೇದದಲ್ಲಿ, ಸ್ವರ್ಗಕ್ಕೆ ಮೊರೆಯಿಡುವ ಪಾಪಗಳ ಸಾಲಿನಲ್ಲೇ ಕೂಲಿಯವರಿಗೆ ಮಾಡುವ ಅನ್ಯಾಯವನ್ನು ಇಟ್ಟಿದೆ. ಯಕೋಬನ ಪತ್ರದ ಐದನೆಯ ಅಧ್ಯಾಯವೂ ತಡೆಹಿಡಿದ ಕೂಲಿ ಕೂಗುತ್ತಿದೆ ಎನ್ನುತ್ತದೆ. ತಪಸ್ಸುಕಾಲದಲ್ಲಿ ಅನಾಥಾಶ್ರಮಕ್ಕೆ ಅಕ್ಕಿಮೂಟೆ ಕಳಿಸಿ, ಮನೆಯಲ್ಲಿ ದುಡಿಯುವವರ ಸಂಬಳವನ್ನು ‘ನಾಳೆ ಬಾ’ ಎಂದು ಮುಂದೂಡುವವರಿದ್ದಾರೆ. ಕ್ರಮ ತಿರುಗಬೇಕು: ಮೊದಲು ಸಲ್ಲಬೇಕಾದ ನ್ಯಾಯ, ಆಮೇಲೆ ಪ್ರೀತಿಯ ದಾನ. ದಿನದ ಕೆಲಸ ಆರಿಸುವಾಗ ಯಾವುದನ್ನು ಆರಿಸಲಿ ಎಂದು ಹೊಯ್ದಾಟವಾದರೆ ಈಗಾಗಲೇ ನಮ್ಮ ಮೇಲಿರುವ ಬಾಧ್ಯತೆಯನ್ನೇ ಆರಿಸುವುದು ಒಳ್ಳೆಯದು. ತಂದೆತಾಯಿಗೆ ಮಾಡಬೇಕಾದ ಫೋನ್, ತಿದ್ದಿಕೊಡಬೇಕಾದ ವಿದ್ಯಾರ್ಥಿಯ ಪುಸ್ತಕ, ಕೊಟ್ಟ ಮಾತು. ಹೊಸ ಪುಣ್ಯಕಾರ್ಯ ಹುಡುಕುತ್ತಾ ಹೊರಟರೆ ಎದುರಿಗೇ ಇದ್ದವರು ಕಾಣದೆ ಹೋಗುತ್ತಾರೆ.

ಎಲ್ಲಿ ಹಾಳಾಗುತ್ತದೆ

2013ರ ‘ಎವಂಜೇಲಿ ಗೌದಿಯುಮ್’ ಪತ್ರದ 153ನೆಯ ಪರಿಚ್ಛೇದದಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ವಾಕ್ಯ ಓದುವಾಗ ಬರುವ ಪ್ರಲೋಭನೆಗಳನ್ನು ಗುರುತಿಸುತ್ತಾರೆ. ಒಂದು, ವಾಕ್ಯ ಚುಚ್ಚಿದ ಕೂಡಲೇ ಪುಸ್ತಕ ಮುಚ್ಚಿಬಿಡುವುದು. ಇನ್ನೊಂದು, ಇದು ಇಂಥವರಿಗೆ ಸರಿಯಾಗಿ ಹೇಳಿದೆ ಎಂದು ಬೇರೆಯವರನ್ನು ನೆನೆಯುವುದು. ಎರಡನೆಯದು ನಮ್ಮಲ್ಲಿ ಎಷ್ಟು ಸಹಜವಾಗಿದೆಯೆಂದರೆ ಅದು ಪ್ರಲೋಭನೆ ಅಂತಲೇ ಅನ್ನಿಸುವುದಿಲ್ಲ. ಯೇಸುಸ್ವಾಮಿ ಕಪಟಿಗಳೆಂದು ಬೈದ ಫರಿಸಾಯರ ಬಗ್ಗೆ ಓದಿ ಸಂಬಂಧಿಕರಿಗೆ ಫಾರ್ವರ್ಡ್ ಮಾಡುತ್ತೇವೆ. ಇದಕ್ಕೊಂದು ಸರಳ ತಡೆ: ನೋಟ್‌ಬುಕ್ಕಿನ ಎರಡನೆಯ ಸಾಲನ್ನು ಯಾವಾಗಲೂ ‘ನಾನು’ ಎಂದೇ ಶುರುಮಾಡಿ. ಆ ಹೊತ್ತಿಗೆ ಯಾರನ್ನೂ ಉದ್ದೇಶಿಸಿ ಫಾರ್ವರ್ಡ್ ಮಾಡಬೇಡಿ.

ಇನ್ನೊಂದು ಅಭ್ಯಾಸ ಒಂಟಿ ವಚನವನ್ನು ಕಿತ್ತು ತೆಗೆಯುವುದು. ಯೆರೆಮೀಯ 29:11, ನಿಮಗಾಗಿ ನನ್ನಲ್ಲಿರುವುದು ಹಿತದ ಯೋಜನೆ ಎಂಬ ಮಾತು, ಪರೀಕ್ಷೆಗೆ ಹೋಗುವ ಮಕ್ಕಳಿಗೆ, ವೀಸಾಕ್ಕೆ ಕಾಯುವವರಿಗೆ ಕಳಿಸುವ ವಚನವಾಗಿಬಿಟ್ಟಿದೆ. ಅದು ಬಾಬಿಲೋನಿಗೆ ಸೆರೆ ಹೋದವರಿಗೆ ಪ್ರವಾದಿ ಬರೆದ ಪತ್ರ. ಅದರ ಹಿಂದಿನ ವಚನವೇ ಎಪ್ಪತ್ತು ವರ್ಷ ಕಾಯಬೇಕು ಎನ್ನುತ್ತದೆ. ಅದಕ್ಕೂ ಮೊದಲು, ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಆ ಊರಿನ ಹಿತಕ್ಕಾಗಿ ಪ್ರಾರ್ಥಿಸಿ ಎಂಬ ಆಜ್ಞೆ ಇದೆ. ಪತ್ರ ಪೂರ್ತಿ ಓದಿದವರಿಗೆ ಸಿಗುವ ಸಮಾಧಾನ ಹೆಚ್ಚು ಗಟ್ಟಿ. ವೀಸಾ ಬಾರದಿದ್ದರೂ ಅದು ಕುಸಿಯುವುದಿಲ್ಲ. ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟ ವಚನವನ್ನು ಉತ್ತರವೆಂದುಕೊಳ್ಳುವುದು ಇದಕ್ಕಿಂತಲೂ ಕೆಟ್ಟದ್ದು. ಅದು ಶಕುನ ನೋಡುವುದು, ಪ್ರಾರ್ಥನೆಯಲ್ಲ. ಕೊಟ್ಟ ವಾಚನ ಕ್ರಮಕ್ಕೆ ಒಪ್ಪಿಸಿಕೊಳ್ಳುವುದರ ಲಾಭವೇ ಇದು: ನಮಗೆ ಬೇಕಾದದ್ದನ್ನು ನಾವು ಆರಿಸುವುದಿಲ್ಲ, ಬೇಡವಾದದ್ದೂ ಎದುರು ಬರುತ್ತದೆ.

ಒಣಗಿದ ದಿನಗಳೂ ಬರುತ್ತವೆ. ವಾರಗಟ್ಟಲೆ ಓದಿದರೂ ಏನೂ ತಟ್ಟುವುದಿಲ್ಲ. ಇಗ್ನೇಷಿಯಸ್ ಇದಕ್ಕೆ ಖಡಾಖಂಡಿತ ನಿಯಮ ಕೊಟ್ಟಿದ್ದಾರೆ: ಮನಸ್ಸು ಕತ್ತಲೆಯಲ್ಲಿರುವಾಗ ಮೊದಲು ಮಾಡಿದ ನಿರ್ಧಾರವನ್ನು ಬದಲಿಸಬೇಡಿ. ಬೇಸರದ ದಿನ ಗಡಿಯಾರ ನೋಡಿ ಬೇಗ ಏಳುವ ಬದಲು ನಿಗದಿತ ಹೊತ್ತಿಗಿಂತ ಸ್ವಲ್ಪ ಹೆಚ್ಚೇ ಕೂರಿ ಎಂದೂ ಹೇಳುತ್ತಾರೆ. ಇಪ್ಪತ್ತೈದು ನಿಮಿಷ ಇಟ್ಟುಕೊಂಡಿದ್ದರೆ ಅಂದು ಇಪ್ಪತ್ತಾರು. ಆದರೆ ಕಾರಣವನ್ನೂ ಹುಡುಕಬೇಕು. ಎಷ್ಟೋ ಸಲ ಒಣಗುವಿಕೆಗೆ ಕಾರಣ ರಾತ್ರಿ ಹನ್ನೆರಡೂವರೆಯ ತನಕ ನೋಡಿದ ಮೊಬೈಲ್. ನಿದ್ದೆಗೆಟ್ಟವರಿಗೆ ಬೇಕಿರುವುದು ಮೊದಲು ನಿದ್ದೆ. ರಾತ್ರಿಪಾಳಿಯ ನರ್ಸ್, ಕೈಗೂಸಿನ ತಾಯಿ ಇಂಥವರು ಇಪ್ಪತ್ತೈದು ನಿಮಿಷಕ್ಕೆ ಕಟ್ಟುಬೀಳಬೇಕಿಲ್ಲ. ಕೀರ್ತನೆಯ ಪಲ್ಲವಿ ಒಂದನ್ನೇ ಬಾಯಿಪಾಠ ಮಾಡಿ ಕೆಲಸದ ನಡುವೆ ಹೇಳಿಕೊಳ್ಳಲಿ. ಅದೂ ವಾಕ್ಯವೇ.

ತಪ್ಪಿದ ದಿನಗಳನ್ನು ತುಂಬಿಸಲು ಹೋಗಬೇಡಿ. ನಾಲ್ಕು ದಿನದ ಬಾಕಿ ಇಟ್ಟುಕೊಂಡು ಐದನೆಯ ದಿನ ಕೂತವರು ಓದುವುದಿಲ್ಲ, ಮುಗಿಸುತ್ತಾರೆ. ನೇರವಾಗಿ ಇಂದಿನದಕ್ಕೆ ಬನ್ನಿ.

ರಾತ್ರಿಯ ಹತ್ತು ನಿಮಿಷ

ಆತ್ಮಶೋಧನೆಗೆ ಇಗ್ನೇಷಿಯಸ್ ಅದೇ ಕೈಪಿಡಿಯ 43ನೆಯ ಸಂಖ್ಯೆಯಲ್ಲಿ ಐದು ಅಂಶ ಕೊಟ್ಟಿದ್ದಾರೆ. ದೇವರ ಉಪಕಾರಗಳಿಗೆ ಕೃತಜ್ಞತೆ, ಪಾಪವನ್ನು ತಿಳಿದು ತೊರೆಯಲು ಬೇಕಾದ ವರಕ್ಕಾಗಿ ಬೇಡಿಕೆ, ಎದ್ದ ಹೊತ್ತಿನಿಂದ ಈ ತನಕ ಯೋಚನೆ, ಮಾತು, ಕೃತ್ಯಗಳ ಲೆಕ್ಕ, ಕ್ಷಮಾಯಾಚನೆ, ತಿದ್ದಿಕೊಳ್ಳುವ ನಿರ್ಧಾರ, ಕೊನೆಗೆ ಪರಲೋಕ ಮಂತ್ರ. ಬಹಳ ಜನ ಮೊದಲ ಎರಡನ್ನು ಹಾರಿಸಿ ಮೂರನೆಯದಕ್ಕೆ ಧುಮುಕುತ್ತಾರೆ. ಆಗ ಅದು ತನ್ನನ್ನು ತಾನೇ ಬೈದುಕೊಳ್ಳುವ ಕಾರ್ಯಕ್ರಮವಾಗಿ, ವಾರದೊಳಗೆ ಬೇಸರ ಹುಟ್ಟಿಸುತ್ತದೆ. ಕೃತಜ್ಞತೆಗೆ ಪೂರ್ತಿ ಮೂರು ನಿಮಿಷ ಕೊಡಿ, ಅದೂ ಹೆಸರು ಹಿಡಿದು: ಬಸ್ಸಿನಲ್ಲಿ ಸೀಟು ಬಿಟ್ಟವರು, ಬಿಸಿ ಊಟ, ಮಗುವಿಗೆ ಇಳಿದ ಜ್ವರ.

ಲೆಕ್ಕ ನೋಡುವಾಗ ಬೆಳಗಿನ ಮೂರನೆಯ ಸಾಲನ್ನು ತೆರೆಯಿರಿ. ಆಗಿದ್ದರೆ ಒಂದು ಗುರುತು. ಆಗದಿದ್ದರೆ ಏಕೆಂದು ಎರಡೇ ಪದ: ‘ಮರೆತೆ’, ‘ಭಯ’, ‘ಸಮಯವಿಲ್ಲ’, ‘ಮನಸ್ಸಿಲ್ಲ’. ತಿಂಗಳು ಕಳೆದಾಗ ಈ ಪದಗಳೇ ಬಹಳಷ್ಟು ಹೇಳುತ್ತವೆ. ‘ಮರೆತೆ’ ಎಂಬುದೇ ಹೆಚ್ಚಿದ್ದರೆ ಪರಿಹಾರ ಸುಲಭ. ಮಧ್ಯಾಹ್ನ ಹನ್ನೆರಡಕ್ಕೆ ತ್ರಿಕಾಲ ಪ್ರಾರ್ಥನೆ ಹೇಳುವಾಗ ಆ ಸಾಲನ್ನೊಮ್ಮೆ ನೆನೆಯುವುದು. ‘ಭಯ’ ಎಂಬುದು ಒಬ್ಬರೇ ವ್ಯಕ್ತಿಯ ಸುತ್ತ ಮತ್ತೆ ಮತ್ತೆ ಬರುತ್ತಿದ್ದರೆ ಅದು ಒಬ್ಬರೇ ಕೂತು ಬಗೆಹರಿಸುವ ವಿಷಯವಲ್ಲ. ಗುರುಗಳೊಡನೆ ಮಾತಾಡಬೇಕಾದ್ದು.

ಮನೆಮಂದಿಯೆಲ್ಲ ಸೇರಿ ಮಾಡುವುದಾದರೆ ಶನಿವಾರ ಸಂಜೆ ಜಪಸರದ ನಂತರ ಭಾನುವಾರದ ಶುಭಸಂದೇಶ ಸಾಕು. ಒಬ್ಬರು ಜೋರಾಗಿ ಓದಲಿ, ಎರಡು ನಿಮಿಷ ಮೌನ, ಬೇರೊಬ್ಬರು ಅದನ್ನೇ ಮತ್ತೆ ಓದಲಿ. ಆಮೇಲೆ ಪ್ರತಿಯೊಬ್ಬರೂ ತಮಗೆ ತಟ್ಟಿದ ಪದವನ್ನೋ ಸಾಲನ್ನೋ ಹೇಳಲಿ. ಒಬ್ಬರು ಹೇಳಿದ್ದರ ಮೇಲೆ ಇನ್ನೊಬ್ಬರು ವ್ಯಾಖ್ಯಾನ ಮಾಡಬಾರದು, ಈ ಒಂದು ನಿಯಮ ಮಾತ್ರ ಕಟ್ಟುನಿಟ್ಟು. ‘ಕೇಳಿಸಿಕೊಂಡೆಯಾ, ನಿನಗೇ ಹೇಳಿದ್ದು’ ಎಂದು ಅಪ್ಪ ಮಗನ ಕಡೆ ತಿರುಗಿದರೆ ಮುಂದಿನ ಶನಿವಾರ ಮಗ ಟ್ಯೂಷನ್ ನೆಪ ಹೇಳುತ್ತಾನೆ. ಓದು ಬಾರದ ಅಜ್ಜಿಯರು ಇಂಥ ಹೊತ್ತಿನಲ್ಲಿ ಹೇಳುವ ಒಂದು ಮಾತು ಎಷ್ಟೋ ಪ್ರಬೋಧನೆಗಳಿಗಿಂತ ಆಳಕ್ಕೆ ಹೋಗುತ್ತದೆ. ಅವರನ್ನು ಮೊದಲು ಕೇಳಿ.

ಕೊನೆಯದಾಗಿ ಒಂದು ಎಚ್ಚರಿಕೆ. ಕೆಲವರ ಮನಸ್ಸಾಕ್ಷಿ ಬಹಳ ಸೂಕ್ಷ್ಮ. ಅವರಿಗೆ ರಾತ್ರಿಯ ಶೋಧನೆ ಹತ್ತು ನಿಮಿಷಕ್ಕೆ ಮುಗಿಯದೆ ಗಂಟೆ ಹಿಡಿಯುತ್ತದೆ. ಕ್ಷಮೆ ಪಡೆದ ಪಾಪವನ್ನೇ ಮತ್ತೆ ನಿವೇದಿಸುತ್ತಾರೆ, ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ನಿದ್ದೆಗೆಡುತ್ತಾರೆ. ಇಂಥವರಿಗೆ ಈ ನೋಟ್‌ಬುಕ್ ಒಳಿತಿಗಿಂತ ಹಾನಿಯನ್ನೇ ಹೆಚ್ಚು ಮಾಡೀತು. ಅವರು ಮೂರನೆಯ ಅಂಶವನ್ನು ಒಂದು ನಿಮಿಷಕ್ಕೆ ಇಳಿಸಿ, ಮೊದಲನೆಯದನ್ನು ಉದ್ದ ಮಾಡಲಿ. ಪಾಪನಿವೇದನೆಗೆ ಪ್ರತಿಸಲ ಬೇರೆ ಬೇರೆ ಗುರುಗಳ ಬಳಿ ಹೋಗದೆ ಒಬ್ಬರನ್ನೇ ಗೊತ್ತುಮಾಡಿಕೊಂಡು, ತಮಗೆ ಹೀಗಾಗುತ್ತದೆ ಎಂದು ಮೊದಲೇ ತಿಳಿಸಿ, ಅವರು ‘ಇದು ಸಾಕು, ಇನ್ನು ಹೇಳಬೇಡಿ’ ಎಂದರೆ ಅಲ್ಲಿಗೇ ನಿಲ್ಲಿಸಲಿ. ಕಳವಳದಿಂದ ನಿದ್ದೆ, ಊಟ, ಕೆಲಸ ಕೆಡುವಷ್ಟಾದರೆ ವೈದ್ಯರನ್ನೂ ಕಾಣಬೇಕು. ಉಳಿದವರು ತಿಂಗಳಿಗೊಮ್ಮೆ ಪಾಪನಿವೇದನೆಗೆ ಹೋಗುವ ಹಿಂದಿನ ಸಂಜೆ ನೋಟ್‌ಬುಕ್ಕಿನ ಆ ತಿಂಗಳ ಪುಟಗಳನ್ನು ತಿರುವಿ, ಹೆಚ್ಚು ಸಲ ಬಂದ ಒಂದೆರಡು ಸಂಗತಿಯನ್ನು ಗುರುತು ಮಾಡಿಕೊಂಡರೆ, ಪ್ರತಿಸಲ ಅದೇ ಹಳೆಯ ಪಟ್ಟಿ ಒಪ್ಪಿಸುವುದು ತಪ್ಪುತ್ತದೆ. ಪುಟಗಳಲ್ಲಿ ಬೇರೆಯವರ ಹೆಸರು ಬರೆಯಬೇಡಿ, ಮೊದಲಕ್ಷರವೂ ಬೇಡ. ನೋಟ್‌ಬುಕ್ ಮನೆಯಲ್ಲಿ ಯಾರ ಕೈಗೆ ಸಿಕ್ಕೀತೆಂದು ಹೇಳಲಾಗದು.